ನಮ್ಮ ವಂಶವೃಕ್ಷದಲ್ಲಿ ತಪ್ಪು ಯಾವುದು, ಚರಿತ್ರೆ ಯಾವುದು?



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ. ನಮ್ಮ ಹುಡುಗರು ಈಗ ಮೊಬೈಲಲ್ಲಿ, ಲ್ಯಾಪ್‌ಟಾಪಲ್ಲಿ ವಂಶವೃಕ್ಷ ಮಾಡ್ತಿದಾರೆ. ಬಹಳ ಒಳ್ಳೆಯ ಕೆಲಸ. ಆದ್ರೆ ಅದನ್ನ ‘ಕ್ಲೀನ್’ ಮಾಡೋಕೆ ಹೋಗಿ ನಮ್ಮ ಮನೆಯಲ್ಲೇ ಒಂದು ಅನಾಹುತ ಆಯ್ತು. ಅದರಿಂದ ನಾನು ಕಲಿತದ್ದನ್ನ ಹೇಳಬೇಕು ಅನ್ನಿಸ್ತು. ಜಮೀನಿನ ವಿಷಯ ಇನ್ನೂ ಕಚೇರಿಯಲ್ಲಿ ಇರೋದ್ರಿಂದ ಹಿರಿಯರ ಹೆಸರುಗಳನ್ನ ಇಲ್ಲಿ ಬದಲಿಸಿದೀನಿ. ಬಾಕಿ ಎಲ್ಲ ನಡೆದದ್ದು ನಡೆದ ಹಾಗೇ ಇದೆ.

ನಮ್ಮಣ್ಣನ ಮಗ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದಾನೆ. ಎರಡು ವರ್ಷದ ಹಿಂದೆ ಒಂದು ಆ್ಯಪ್‌ನಲ್ಲಿ ನಮ್ಮ ಮನೆತನದ ವಂಶವೃಕ್ಷ ಶುರು ಮಾಡಿ ನಮ್ಮೆಲ್ಲರ ವಾಟ್ಸಾಪ್ ಗ್ರೂಪಿಗೆ ಅದರ ಲಿಂಕ್ ಹಾಕಿದ. ಮನೆಮಂದಿ ಎಲ್ಲ ತಮಗೆ ತಿಳಿದ ಹೆಸರು ತುಂಬಿದರು. ಮೈಸೂರಲ್ಲಿರೋ ಅಕ್ಕನ ಮಕ್ಕಳು ಒಂದು ಥರ, ಊರಲ್ಲಿರೋ ದಾಯಾದಿಗಳು ಇನ್ನೊಂದು ಥರ ಹಾಕಿದರು. ಆರು ತಿಂಗಳಲ್ಲಿ 412 ಜನ ಆದರು. ಅದರಲ್ಲಿ ನಮ್ಮಪ್ಪ ಒಬ್ಬರೇ ಮೂರು ಸಲ ಇದ್ದರು. ಒಂದು ಕಡೆ ‘ಹನುಮಂತಪ್ಪ’, ಒಂದು ಕಡೆ ‘ಹನುಮಂತರಾಯಪ್ಪ’, ಇನ್ನೊಂದು ಕಡೆ ಬರೀ ‘ಹನುಮಣ್ಣ’. ನಮ್ಮಜ್ಜ ನಾಗ ಎರಡು ಸಲ ಸತ್ತಿದ್ದರು. ಚಿಕ್ಕಮ್ಮ ತನ್ನ ಮಗನಿಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾಗಿದ್ದಳು.

‘ಚಿಕ್ಕಪ್ಪ, ಇದೆಲ್ಲ ಕಸ ತುಂಬಿದೆ, ನಾನು ಕ್ಲೀನ್ ಮಾಡಿಬಿಡ್ತೀನಿ’ ಅಂದ. ‘ಮಾಡಪ್ಪ’ ಅಂದೆ. ತಪ್ಪು ನನ್ನದೂ ಇದೆ.

ಹುಡುಗ ಕ್ಲೀನ್ ಮಾಡಿದ. 412 ಇದ್ದದ್ದು 231 ಆಯ್ತು. ನೋಡೋಕೆ ಚೆಂದ ಇತ್ತು. ಅದೇ ಹೊತ್ತಿಗೆ ಊರಲ್ಲಿ ನಮ್ಮ ಮುತ್ತಜ್ಜನ ಹೆಸರಲ್ಲೇ ಉಳಿದಿರೋ 2 ಎಕರೆ 10 ಗುಂಟೆಗೆ ಪೌತಿ ಖಾತೆ ಮಾಡಿಸಬೇಕು ಅಂತ ಅರ್ಜಿ ಹಾಕಿದ್ವಿ. ಖಾತೆದಾರರು ತೀರಿಕೊಂಡು ಅರ್ಧ ಶತಮಾನ ಆದರೂ ವಾರಸುದಾರರ ಹೆಸರಿಗೆ ಖಾತೆ ಆಗದ ಜಮೀನು ನಮ್ಮ ಕೇರಿಗಳಲ್ಲಿ ಎಷ್ಟಿದೆ ಅಂತ ನಿಮಗೇ ಗೊತ್ತು. ವಂಶವೃಕ್ಷ ಬೇಕಿತ್ತು. ಹುಡುಗನ ಆ್ಯಪಿಂದ ಪ್ರಿಂಟ್ ತೆಗೆದು, ಅದನ್ನೇ ನೋಡ್ಕೊಂಡು ಅಫಿಡವಿಟ್ ಮಾಡಿಸಿ ಕೊಟ್ವಿ. ಕೆಲವು ವಾರ ಆದ ಮೇಲೆ ಅರ್ಜಿ ವಾಪಸ್ ಬಂತು. ಮೂಲ ಮಂಜೂರಾತಿ ಆದೇಶದಲ್ಲಿರೋ ಹೆಸರಿಗೂ ನೀವು ಕೊಟ್ಟ ವಂಶವೃಕ್ಷಕ್ಕೂ ತಾಳೆ ಇಲ್ಲ ಅಂತ.

ಅಧಿಕಾರಿ ಹೇಳಿದ್ದು ಸರಿಯಾಗೇ ಇತ್ತು. ತಾಳೆ ಇರಲಿಲ್ಲ.

ಇದು ಯಾವ ಜಮೀನು ಅಂತ ಮೊದಲು ಹೇಳಬೇಕು. ತೋಟಿ ಇನಾಮ್ತಿ. ಊರ ಗಡಿ ಕಾಯೋದು, ಕಂದಾಯ ಕಟ್ಟಲು ಜನರನ್ನ ಕೂಗಿ ಕರೆಯೋದು, ಕಂದಾಯದ ಹಣದ ಗಂಟು ತಾಲ್ಲೂಕು ಕಚೇರಿಗೆ ಹೊರೋದು, ಸಾವಿನ ಸುದ್ದಿ ಊರೂರಿಗೆ ಮುಟ್ಟಿಸೋದು, ಸತ್ತ ದನ ಎಳೆಯೋದು. ಇದಕ್ಕೆಲ್ಲ ಸಂಬಳ ಅಂತ ಇರಲಿಲ್ಲ. ಊರಾಚೆ ಒಂದು ತುಂಡು ಬರಡು ನೆಲ, ಸುಗ್ಗಿಯಲ್ಲಿ ಕಣದಿಂದ ಒಂದಿಷ್ಟು ಆಯ. ಅಪ್ಪ ಸತ್ತರೆ ಮಗ ಅದೇ ಕೆಲಸ ಮಾಡಬೇಕು. ಬಾಬಾಸಾಹೇಬರು 1928ರಲ್ಲಿ ಬಾಂಬೆ ಶಾಸನ ಸಭೆಯಲ್ಲಿ ಮಹಾರ್ ವತನದ ವಿರುದ್ಧ ಮಸೂದೆ ತಂದದ್ದು ಇದೇ ಥರದ ಜೀತದ ವಿಷಯಕ್ಕೆ. ನಮ್ಮ ಕಡೆ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಬಂದದ್ದು 1961ರಲ್ಲಿ, ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಿಂದ. ಹುದ್ದೆ ರದ್ದಾಯ್ತು, ನೆಲವನ್ನ ಹುದ್ದೆಯಲ್ಲಿದ್ದವರಿಗೇ ಮರುಮಂಜೂರು ಮಾಡಿದರು. ಜನರ ಬಾಯಲ್ಲಿ ಇವತ್ತಿಗೂ ಅದು ‘ರೀಗ್ರಾಂಟ್’.

ಒಂದು ಎಚ್ಚರಿಕೆ ಇಲ್ಲೇ ಹೇಳ್ತೀನಿ. ಅರಸು ಸರ್ಕಾರದ ಕಾಲದ 1978ರ ಪಿ.ಟಿ.ಸಿ.ಎಲ್. ಕಾಯ್ದೆ ನಮ್ಮವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನ ರಕ್ಷಿಸುತ್ತೆ. 2023ರ ತಿದ್ದುಪಡಿ ಆದ ಮೇಲೆ ಆ ಕಾಯ್ದೆಯಡಿ ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ ಅಂತಲೂ ಬರೆದಿದೆ. ಆದರೆ ಅದರ ವ್ಯಾಖ್ಯಾನದಲ್ಲಿ ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ ಜಮೀನನ್ನ ಹೊರಗಿಟ್ಟಿದಾರೆ. ದರಖಾಸ್ತು ಜಮೀನೋ, ತೋಟಿ ರೀಗ್ರಾಂಟೋ ಅಂತ ಮೊದಲು ನೋಡ್ಕೊಳ್ಳಿ. ಎರಡಕ್ಕೂ ದಾರಿ ಬೇರೆ. ಆದ್ರೆ ಯಾವ ದಾರಿ ಹಿಡಿದರೂ ಮೊದಲ ಮೆಟ್ಟಿಲಲ್ಲೇ ನಿಮ್ಮನ್ನ ಕೇಳೋದು ವಂಶವೃಕ್ಷ.

ನಮ್ಮ ರೀಗ್ರಾಂಟ್ ಆದೇಶದ ದೃಢೀಕೃತ ನಕಲು ತೆಗೆಸಿದೆ. ಹಳೆ ಕೈಬರಹ. ಅದರಲ್ಲಿ ನಮ್ಮ ಮುತ್ತಜ್ಜನ ಹೆಸರು ಹೀಗಿತ್ತು: ‘ತೋಟಿ ಹನುಮ ಬಿನ್ ತಿಮ್ಮಿ’.

ಈಗಿನ ಪಹಣಿ ತೆಗೆದು ನೋಡಿದೆ. ಅದರಲ್ಲಿ ‘ಹನುಮ ಬಿನ್ ತಿಮ್ಮ’. ಹಳೆ ಪುಸ್ತಕದಿಂದ ಕಂಪ್ಯೂಟರಿಗೆ ಏರುವಾಗ ಎಲ್ಲೋ ಒಂದು ಗುಡಿಸು ಬಿದ್ದುಹೋಗಿದೆ. ಹುಡುಗನ ವಂಶವೃಕ್ಷದಲ್ಲಿ ಅದು ‘ತಿಮ್ಮಯ್ಯ, ಪುರುಷ’ ಅಂತ ಆಗಿದೆ. ಹೀಗೆ ನಮ್ಮ ಮನೆಯ ಒಂದು ಹೆಣ್ಣು ಜೀವ ಎರಡೇ ಹೆಜ್ಜೇಲಿ ಗಂಡಾಗಿ, ಕೊನೆಗೆ ಇಲ್ಲವೇ ಇಲ್ಲ ಅಂತಾಯ್ತು.

ಹುಡುಗನ್ನ ಕೇಳಿದೆ, ‘ಇದನ್ನ ಹೆಂಗ್ ಮಾಡ್ದೆ?’ ಅಂತ. ಅವನು ಪ್ರಾಮಾಣಿಕವಾಗಿ ಹೇಳಿದ. ನಮ್ಮ ದೊಡ್ಡತ್ತೆ ಹಿಂದೆ ಒಂದು ಸಲ ಹೆಸರು ಹೇಳಿ ಬರೆಸಿದಾಗ ಇನ್ನೊಬ್ಬ ಹನುಮ ಇದ್ದ, ‘ಹನುಮ ಬಿನ್ ನಾಗ’, ಅವನ ಮಗಳು ತಿಮ್ಮಿ ಅಂತ. ಆ್ಯಪ್ ಬಂದು ‘ಈ ಇಬ್ಬರು ಹನುಮರೂ ಒಬ್ಬರೇ ಇರಬಹುದು, ಒಂದು ಮಾಡಲೇ?’ ಅಂತ ಕೇಳಿದೆ. ಇವನು ಹೂಂ ಅಂತ ಒತ್ತಿದಾನೆ. ಒಂದು ಮಾಡಿದ ಕೂಡಲೇ ತಿಮ್ಮಿ ಹನುಮನಿಗೆ ತಾಯಿಯೂ ಆದಳು, ಮಗಳೂ ಆದಳು. ಆ್ಯಪ್ ಕೆಂಪು ಗುರುತು ತೋರಿಸಿದೆ. ಪಹಣಿಯಲ್ಲಿ ಹೇಗೂ ತಿಮ್ಮ ಅಂತಿದೆ, ‘ಬಿನ್’ ಅಂದ ಮೇಲೆ ಅಪ್ಪನೇ ಇರಬೇಕು ಅಂತ ಇವನು ತಿಮ್ಮಿಯನ್ನ ತೆಗೆದು ತಿಮ್ಮಯ್ಯನನ್ನ ಕೂರಿಸಿದಾನೆ. ಮರ್ಯಾದೆಗೆ ಇರಲಿ ಅಂತ ‘ಅಯ್ಯ’ನೂ ಸೇರಿಸಿದಾನೆ. ಕೆಂಪು ಗುರುತು ಹೋಯ್ತು. ಹುಡುಗನ ಲೆಕ್ಕದಲ್ಲಿ ಕೆಲಸ ಮುಗೀತು.

ಇದರಲ್ಲಿ ಎರಡು ವಿಷಯ ಇದೆ. ಒಂದು ಲೆಕ್ಕದ್ದು, ಇನ್ನೊಂದು ಚರಿತ್ರೆಯದ್ದು.

ಲೆಕ್ಕದ್ದು ಸುಲಭ. ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡ್ತಾರೆ. ನಾಗನ ಮಗ ಹನುಮ, ಹನುಮನ ಮೊಮ್ಮಗ ಮತ್ತೆ ಹನುಮ, ಆ ಹನುಮನ ಮಗ ಮತ್ತೆ ನಾಗ. ಎರಡೇ ಎರಡು ಹೆಸರು ನೂರೈವತ್ತು ವರ್ಷ ಸುತ್ತುತ್ತೆ. ಮನೆತನದ ಹೆಸರು ನಮಗಿಲ್ಲ, ಊರಿನ ಹೆಸರಿನ ಒಂದು ಇನಿಶಿಯಲ್ ಅಷ್ಟೇ. ಈ ವಂಶವೃಕ್ಷದ ಸಾಫ್ಟ್‌ವೇರ್‌ಗಳಲ್ಲಿ ಬಹುತೇಕ ಅಮೆರಿಕಾ, ಯುರೋಪಿನವರ ಮನೆಗಳನ್ನ ಮನಸ್ಸಲ್ಲಿ ಇಟ್ಕೊಂಡು ಮಾಡಿದವು. ಒಂದರಿಂದ ಇನ್ನೊಂದಕ್ಕೆ ಮಾಹಿತಿ ಸಾಗಿಸಲು ಬಳಸೋ ‘ಗೆಡ್‌ಕಾಮ್’ ಅನ್ನೋ ಫೈಲ್ ಮಾದರಿಯನ್ನ 1984ರಲ್ಲಿ ರೂಪಿಸಿದ್ದು ಅಮೆರಿಕಾದ ಮಾರ್ಮನ್ ಚರ್ಚು. ಅದರಲ್ಲಿ ಮನೆತನದ ಹೆಸರಿಗೆ ಅಂತಲೇ ಎರಡು ಅಡ್ಡಗೀಟಿನ ಮಧ್ಯೆ ಜಾಗ ಇದೆ. ನಮ್ಮವರದ್ದು ಆ ಜಾಗ ಖಾಲಿ. ಖಾಲಿ ಇದ್ದವರು, ಹೆಸರು ಒಂದೇ ಇದ್ದವರು ಅದಕ್ಕೆ ಒಬ್ಬರೇ ಥರ ಕಾಣ್ತಾರೆ. ಬಾಬಾಸಾಹೇಬರ ತಂದೆ ರಾಮ್‌ಜಿ ಮಾಲೋಜಿ ಸಕ್ಪಾಲ್, ಮಗ ಭೀಮರಾವ್ ಅಂಬೇಡ್ಕರ್. ಬರೀ ಮನೆತನದ ಹೆಸರನ್ನೇ ನಂಬಿದರೆ ಅಪ್ಪ ಮಗ ಎರಡು ಬೇರೆ ಕುಟುಂಬ. ನಮ್ಮಲ್ಲಿ ಉಲ್ಟಾ, ಬೇರೆ ಬೇರೆಯವರೆಲ್ಲ ಒಬ್ಬರೇ.

ಇನ್ನೊಂದು ತಾಪತ್ರಯ ಸೋದರ ಸಂಬಂಧದ್ದು. ಅಕ್ಕನ ಮಗಳನ್ನ ಸೋದರಮಾವ ಮದುವೆ ಆಗೋದು, ಅತ್ತೆ ಮಗಳನ್ನ ತರೋದು ನಮ್ಮಲ್ಲಿ ಸಾಮಾನ್ಯ. ಮರದ ಕೊಂಬೆ ತಿರುಗಿ ಬಂದು ಅದೇ ಮರಕ್ಕೆ ಕೂಡ್ಕೊಳ್ಳುತ್ತೆ. ಸಾಫ್ಟ್‌ವೇರ್ ಅದನ್ನೂ ದೋಷ ಅಂತ ತೋರಿಸಬಹುದು. ಸೀರುಡಿಕೆ ಆದ ಹೆಂಗಸರ ಮೊದಲ ಗಂಡನ ಮಕ್ಕಳು, ಎರಡನೇ ಗಂಡನ ಮಕ್ಕಳು ಒಂದೇ ಮನೆಯಲ್ಲಿ ಬೆಳೆದು ಒಂದೇ ಹೆಸರಿನ ಮುಂದೆ ಬರೆಸಿಕೊಂಡಿರ್ತಾರೆ. ಇದ್ಯಾವುದೂ ದೋಷ ಅಲ್ಲ. ನಮ್ಮ ಬದುಕು ಇದ್ದದ್ದೇ ಹಾಗೆ. ಮೇಲ್ಜಾತಿಯ ವಿಧವೆಯರ ತಲೆ ಬೋಳಿಸುತ್ತಿದ್ದ ಕಾಲದಲ್ಲಿ ನಮ್ಮ ಕೇರಿಯಲ್ಲಿ ಸೀರೆ ಉಡಿಸಿ ಮತ್ತೊಂದು ಬಾಳು ಕೊಡ್ತಿದ್ರು. ಅದನ್ನ ಅಳಿಸಿ ‘ಕ್ಲೀನ್’ ಮಾಡೋದು ಯಾಕೆ?

ಈಗ ಚರಿತ್ರೆಯ ವಿಷಯಕ್ಕೆ ಬರ್ತೀನಿ.

ತಿಮ್ಮಿ ಯಾರು ಅಂತ ಕೇಳೋಕೆ ದೊಡ್ಡತ್ತೆ ಹತ್ರ ಹೋದೆ. ನಮ್ಮಪ್ಪನ ಅಕ್ಕ, 85 ದಾಟಿದೆ. ಮೊದಲು ಮಾತಾಡಲಿಲ್ಲ. ‘ಯಾಕಪ್ಪ ಈಗ ಅದೆಲ್ಲ, ಮದುವೆ ಆಗೋ ಹುಡುಗೀರವ್ರೆ ಮನೇಲಿ’ ಅಂದ್ರು. ಆಮೇಲೆ ಸಂಜೆ ಅವರೇ ಕರೆದು ಕೂರಿಸ್ಕೊಂಡು ಹೇಳಿದ್ರು.

‘ನಮ್ ಮುತ್ತಜ್ಜಂಗೆ ಗಂಡ್ಮಕ್ಳು ಉಳೀಲಿಲ್ಲ ಕಣ್ ಅಳಿಯ. ತಿಮ್ಮವ್ವ ಒಬ್ಳೇ. ತೋಟಿ ಕೆಲ್ಸ ಮಾಡೋರು ಯಾರು? ನೆಲ ಯಾರ್‌ಗೆ ಹೋಯ್ತದೆ? ಅದ್ಕೇ ಬಸವಿ ಬಿಟ್ರು. ಅವ್ಳೇ ಮನೆ ಗಂಡಾದ್ಳು. ಅವ್ಳ ಹೊಟ್ಟೇಲಿ ಹುಟ್ಟಿದ್ದು ನಮ್ಮಜ್ಜ. ಪ್ಲೇಗಮ್ಮನ ವರ್ಷ ಮೊಲೆ ಕುಡಿಯೋ ಕೂಸಂತೆ. ಅಪ್ಪ ಯಾರು ಅಂತ ಊರಿಗೆಲ್ಲ ಗೊತ್ತಿತ್ತು. ಯಾರೂ ಹೇಳ್ಲಿಲ್ಲ.’

ನಮ್ಮ ಸೀಮೆ ತುಮಕೂರು ಜಿಲ್ಲೆಯ ಉತ್ತರದ ಗಡಿ. ಇಲ್ಲಿಂದ ಚಿತ್ರದುರ್ಗ, ಬಳ್ಳಾರಿ ಕಡೆಗೆಲ್ಲ ಈ ಬಸವಿ ಪದ್ಧತಿ ಇತ್ತು. ಗಂಡು ಸಂತಾನ ಇಲ್ಲದ ಮನೆಯಲ್ಲಿ ಮಗಳನ್ನ ದೇವರ ಹೆಸರಿಗೆ ಬಿಡೋದು. ಅವಳಿಗೆ ಮದುವೆ ಇಲ್ಲ. ತವರಲ್ಲೇ ಉಳಿದು ಮಗನ ಸ್ಥಾನ ತುಂಬಬೇಕು. ಅವಳ ಮಕ್ಕಳು ಅವಳ ಮನೆಯ ಹೆಸರು, ಬೆಡಗು, ಆಸ್ತಿ ಮುಂದುವರಿಸಬೇಕು. ಇದನ್ನ ದೊಡ್ಡದು ಮಾಡಿ ‘ನೋಡಿ ನಮ್ಮ ಹೆಣ್ಣುಮಕ್ಕಳಿಗೆ ಆಸ್ತಿ ಹಕ್ಕಿತ್ತು’ ಅಂತ ನಾನು ಹೇಳಲ್ಲ. ಹಕ್ಕಿನ ಹೆಸರಲ್ಲಿ ಆ ಹೆಣ್ಣುಮಗಳ ಮೈಯನ್ನ ಊರ ಬಲಾಢ್ಯರಿಗೆ ಬಿಟ್ಟುಕೊಟ್ಟ ಪದ್ಧತಿ ಅದು. ಮೈಸೂರು ಸಂಸ್ಥಾನ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆಯನ್ನ 1909ರಲ್ಲೇ ನಿಲ್ಲಿಸಿತು. ಕೇರಿಯ ಬಸವಿಯರನ್ನ ಯಾರೂ ಕೇಳಲಿಲ್ಲ. ದೇವದಾಸಿಯಾಗಿ ಬಿಡೋದನ್ನ ಅಪರಾಧ ಮಾಡಿದ ರಾಜ್ಯದ ಕಾಯ್ದೆ ಬಂದದ್ದು 1982ರಲ್ಲಿ.

ಈಗ ಮತ್ತೆ ಆ ಸಾಲು ಓದಿ. ‘ತೋಟಿ ಹನುಮ ಬಿನ್ ತಿಮ್ಮಿ.’

ಬಿನ್ ಅಂದ್ರೆ ಮಗ. ಅರಬ್ಬಿ ಮಾತು, ನಮ್ಮ ಕಂದಾಯದ ಕಾಗದದಲ್ಲಿ ಉಳಿದುಬಿಟ್ಟಿದೆ. ಹೆಂಗಸಿನ ಹೆಸರು ಬಂದರೆ ಸಾಮಾನ್ಯವಾಗಿ ‘ಕೋಂ’ ಅಂತ ಹಾಕಿ ಗಂಡನ ಹೆಸರು ಬರೀತಾರೆ. ತಿಮ್ಮಿಗೆ ಕೋಂ ಇಲ್ಲ. ಅವಳ ಮಗನಿಗೆ ‘ಬಿನ್’ ಆದ ಮೇಲೆ ಅವಳದ್ದೇ ಹೆಸರು. ಬರೆದ ಶಾನುಭೋಗರು ಯಾವ ಅರ್ಥದಲ್ಲಿ ಬರೆದರೋ, ಹೀನಾಯವಾಗೇ ಬರೆದಿರಬಹುದು, ‘ತಿಮ್ಮಕ್ಕ’ ಅಂತಲೂ ಬರೀಲಿಲ್ಲ. ಆದರೆ ಆ ಒಂದು ಸಾಲು ನಮ್ಮ ಮುತ್ತಜ್ಜನಿಗೆ ಆ ನೆಲ ಹೇಗೆ ಬಂತು ಅನ್ನೋದಕ್ಕೆ ಸಾಕ್ಷಿ. ಹಿರಿ ಹನುಮನಿಂದ ಮಗಳು ತಿಮ್ಮಿಗೆ, ತಿಮ್ಮಿಯಿಂದ ಮಗ ಹನುಮನಿಗೆ. ತಿಮ್ಮಿಯನ್ನ ತೆಗೆದರೆ ಕೊಂಡಿ ಕಳಚಿಹೋಗುತ್ತೆ. ಮೂರು ತಲೆಮಾರು ನಮ್ಮ ಮನೆಯವರು ನಾಚಿಕೊಂಡು ಮುಚ್ಚಿಟ್ಟ ಹೆಂಗಸೇ ಇವತ್ತು ನಮ್ಮ 2 ಎಕರೆ 10 ಗುಂಟೆಯ ಆಧಾರ.

ಇಲ್ಲೊಂದು ಮಾತು ಹೇಳಲೇಬೇಕು. ಊರೊಳಗಿನ ಮನೆಗಳಿಗೆ ಹೆಳವರು ಎತ್ತಿನ ಮೇಲೆ ಪುಸ್ತಕ ಹೇರಿಕೊಂಡು ಬಂದು ಏಳೆಂಟು ತಲೆಮಾರಿನ ಹೆಸರು ಓದಿ ದವಸ ತಗೊಂಡು ಹೋಗ್ತಿದ್ರು. ಆ ಪುಸ್ತಕ ನಿಜಕ್ಕೂ ದೊಡ್ಡ ಆಸ್ತಿ, ಅದನ್ನ ಉಳಿಸಬೇಕು. ಆದರೆ ನಮ್ಮ ಮುತ್ತಜ್ಜನ ಅಪ್ಪನ ಮನೆಯವರ ಪುಸ್ತಕದಲ್ಲಿ ನಮ್ಮ ಮುತ್ತಜ್ಜ ಇರೋಕೆ ಸಾಧ್ಯವೇ? ಆ ಮನೆಯ ವಂಶವೃಕ್ಷ ಅಷ್ಟು ಅಚ್ಚುಕಟ್ಟಾಗಿರೋದು ಅವರ ಕಲೆಯನ್ನ ನಮ್ಮ ಕೇರಿಗೆ ಬಿಟ್ಟು ಹೋಗಿರೋದ್ರಿಂದ. ಹಾಗಿರುವಾಗ ಅವರ ಮರದಷ್ಟೇ ಅಚ್ಚುಕಟ್ಟಾಗಿ ನಮ್ಮದೂ ಕಾಣಬೇಕು ಅಂತ ನಾವು ಆಸೆ ಪಟ್ಟರೆ ಅವರ ಕೆಲಸವನ್ನ ನಾವೇ ಮುಗಿಸಿಕೊಟ್ಟ ಹಾಗೆ.

ನಮಗೆ ಯಾರೂ ಹೇಳುವವರು ಇರಲಿಲ್ಲವೇ? ಇದ್ದರು. ಮಾದಿಗರ ಕುಲದ ಕಥೆ, ಜಾಂಬವನ ಕಥೆ ಹೇಳೋರು ದಕ್ಕಲಿಗರು. ಅವರನ್ನ ಮಾದಿಗರ ಹಳೆಮಕ್ಕಳು ಅಂತಾರೆ. ನಾನು ಚಿಕ್ಕವನಿದ್ದಾಗ ಒಬ್ಬ ಮುದುಕ ವರ್ಷಕ್ಕೊಂದು ಸಲ ಬರ್ತಿದ್ದ. ಕೇರಿಯ ಒಳಗೆ ಬರುವಂತಿರಲಿಲ್ಲ, ಆಚೆ ನಿಂತು ಕೂಗಬೇಕು. ನಮ್ಮ ಬೆಡಗು, ನಮ್ಮ ಮನೆ ಹಿರಿಯರ ಹೆಸರು ಒಂದೊಂದಾಗಿ ಹಾಡಿದ ಹಾಗೆ ಹೇಳ್ತಿದ್ದ. ಎತ್ತರದಿಂದ ಅನ್ನ ಹಾಕ್ತಿದ್ವಿ. ಹೌದು, ನಾವೇ. ಊರು ನಮಗೆ ಮಾಡಿದ್ದನ್ನ ನಾವು ಅವರಿಗೆ ಮಾಡಿದ್ವಿ. ನಾನು ಚಳವಳಿಗೆ ಬಂದ ಮೇಲೆ ಇದೆಲ್ಲ ಮೌಢ್ಯ ಅಂತ ಅವನು ಹೇಳೋದನ್ನೂ ಕೇಳೋದು ಬಿಟ್ಟೆ. ಅಸ್ಪೃಶ್ಯತೆಯನ್ನ ಬಿಡೋದು ಬಿಟ್ಟು ಅವನ ನೆನಪನ್ನ ಬಿಟ್ಟೆ. ಅವನ ಮಕ್ಕಳು ಎಲ್ಲಿದಾರೆ ಅಂತ ಈಗ ಹುಡುಕ್ತಿದೀನಿ. ನಮ್ಮ ವಂಶದ ಮೊದಲ ದಾಖಲೆ ಇದ್ದದ್ದು ಅವರ ನಾಲಿಗೆಯಲ್ಲಿ. ಆ ಋಣವನ್ನ ನಮ್ಮ ವಂಶವೃಕ್ಷದಲ್ಲಿ ಬರೆಯದೆ ಇದ್ದರೆ ನಾವೂ ಹೆಸರು ಅಳಿಸಿದವರೇ.

ಬಿಳಿಯರ ದೇಶಗಳಲ್ಲಿ ಈ ಕೆಲಸ ಸುಲಭ ಅನ್ನೋದಕ್ಕೆ ಒಂದು ಕಾರಣ ಇದೆ. ಅಮೆರಿಕಾ 72 ವರ್ಷ ಆದ ಮೇಲೆ ಜನಗಣತಿಯ ಮನೆಮನೆಯ ಹಾಳೆಯನ್ನ ಬಿಡುಗಡೆ ಮಾಡುತ್ತೆ, 1950ರದ್ದು 2022ರಲ್ಲಿ ಬಂತು. ಇಂಗ್ಲೆಂಡಿನಲ್ಲಿ 100 ವರ್ಷ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಪ್ರಕಾರ ಆ ಹಾಳೆ ಯಾರೂ ನೋಡುವಂತಿಲ್ಲ. ನಮಗೆ ಸಿಗೋದು ಬರೀ ಒಟ್ಟು ಲೆಕ್ಕ. ಅಮೆರಿಕಾದಲ್ಲೂ ಕಪ್ಪು ಜನರ ಕಥೆ ನಮ್ಮ ಥರವೇ. 1850 ಮತ್ತು 1860ರಲ್ಲಿ ಗುಲಾಮರ ಪಟ್ಟಿ ಬೇರೆ ಮಾಡಿದರು. ಒಡೆಯನ ಹೆಸರಿದೆ, ಅದರ ಕೆಳಗೆ ಗುಲಾಮರ ವಯಸ್ಸು, ಲಿಂಗ, ಬಣ್ಣ ಇದೆ, ಹೆಸರು ಮಾತ್ರ ಬಹುಪಾಲು ಇಲ್ಲ. ಅವರಲ್ಲಿ ಬಹುತೇಕರ ಹೆಸರು ಜನಗಣತಿಯಲ್ಲಿ ಮೊದಲು ಬಂದದ್ದು 1870ರಲ್ಲಿ. ಅದರಾಚೆ ಹೋಗೋಕೆ ಅವರು ಒಡೆಯರ ಉಯಿಲು, ಮಾರಾಟದ ಚೀಟಿ ಎಲ್ಲ ಹುಡುಕ್ತಾರೆ. ಅವಮಾನದ ಕಾಗದದಲ್ಲೇ ಅಜ್ಜಿಯ ಹೆಸರು ಸಿಗುತ್ತೆ. ಆ ಕಾಗದ ಕೊಳಕಾಗಿದೆ ಅಂತ ಅವರು ಬಿಸಾಡಲ್ಲ.

ಜಾತಿಯ ಕಾಲಂ ಕಥೆಯೂ ಇದೇ. 1931ರ ಜನಗಣತಿ ಹೊತ್ತಿಗೆ ಮೈಸೂರು ಸಂಸ್ಥಾನದ ದಾಖಲೆಗಳಲ್ಲಿ ‘ಆದಿ ಕರ್ನಾಟಕ’ ಅನ್ನೋ ಹೆಸರು ನೆಲೆಯಾಗಿತ್ತು. ಬೈಗುಳದಂತಿದ್ದ ಹೆಸರಿನ ಬದಲು ಘನತೆಯ ಹೆಸರು ಬೇಕು ಅಂತ ಹಿರಿಯರು ಒಪ್ಪಿಕೊಂಡದ್ದು. ಅದು ಅವತ್ತಿನ ಹೋರಾಟ. ಆದರೆ ಒಂದು ತಾಲ್ಲೂಕಲ್ಲಿ ಹೊಲೆಯರು ಎ.ಕೆ., ಇನ್ನೊಂದು ತಾಲ್ಲೂಕಲ್ಲಿ ಮಾದಿಗರು ಎ.ಕೆ., ಎ.ಡಿ.ಯಲ್ಲೂ ಅದೇ ಕಲಬೆರಕೆ. 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗ ಒಳಮೀಸಲಾತಿಗಾಗಿ ಮನೆಮನೆ ಸಮೀಕ್ಷೆ ಮಾಡಿದಾಗ ‘ನಿಮ್ಮ ಮೂಲ ಜಾತಿ ಯಾವುದು?’ ಅಂತ ಮತ್ತೆ ಕೇಳಬೇಕಾಯ್ತು. ಎಷ್ಟೋ ಮನೆಗಳಲ್ಲಿ ಹುಡುಗರಿಗೆ ಉತ್ತರ ಗೊತ್ತಿರಲಿಲ್ಲ. ಹೆಸರು ಒಳ್ಳೆಯದಾಯ್ತು, ಹಳೆಯದನ್ನ ಪಕ್ಕದಲ್ಲಿ ಬರೆದಿಡಲಿಲ್ಲ. ಅಷ್ಟೇ ಆದದ್ದು.

ಹಾಗಾದ್ರೆ ಕ್ಲೀನ್ ಮಾಡಲೇಬಾರದಾ? ಮಾಡಬೇಕು. ನಮ್ಮಪ್ಪ ಮೂರು ಸಲ ಇರೋದು ಚರಿತ್ರೆ ಅಲ್ಲ, ಅದು ಬರೀ ಗಲಿಬಿಲಿ. ನಾನೂ ಹುಡುಗನೂ ಕೂತು ಹಳೆ 412ರ ಫೈಲನ್ನ ವಾಪಸ್ ತಂದು ಮತ್ತೆ ಮೊದಲಿಂದ ಶುರು ಮಾಡಿದ್ವಿ. ಅವನು ಅಳಿಸೋ ಮುಂಚೆ ಒಂದು ಪ್ರತಿ ಇಟ್ಟಿದ್ದ, ಪುಣ್ಯ. ನಾವು ಹಾಕ್ಕೊಂಡ ಕಟ್ಟಳೆ ಇವು. ನಿಮಗೂ ಉಪಯೋಗ ಆಗಬಹುದು.

1. ಏನೇ ತಿದ್ದೋಕೆ ಮುಂಚೆ ಫೈಲಿನ ಒಂದು ಪ್ರತಿ ತಾರೀಖು ಹಾಕಿ ಬೇರೆ ಕಡೆ ಇಡಿ.

2. ಆ್ಯಪ್ ‘ಒಂದು ಮಾಡಲೇ?’ ಅಂದ ಕೂಡಲೇ ಒತ್ತಬೇಡಿ. ಬರೀ ಹೆಸರು, ಬಿನ್ ಎರಡೇ ಹೊಂದಿದರೆ ಸಾಲದು. ಊರು, ಬೆಡಗು, ಹೆಂಡತಿಯ ಹೆಸರು, ಮಕ್ಕಳು, ಅಂದಾಜು ಕಾಲ ಇವುಗಳಲ್ಲಿ ಕನಿಷ್ಠ ಮೂರು ಹೊಂದಬೇಕು. ಅನುಮಾನ ಇದ್ದರೆ ಇಬ್ಬರಾಗೇ ಇರಲಿ. ಇಬ್ಬರನ್ನ ಆಮೇಲೆ ಒಂದು ಮಾಡಬಹುದು, ಒಂದಾದವರನ್ನ ಬಿಡಿಸೋದು ಕಷ್ಟ.

3. ಹೆಸರನ್ನ ತಿದ್ದಬೇಡಿ, ಸೇರಿಸಿ. ಒಳ್ಳೆಯ ಸಾಫ್ಟ್‌ವೇರಲ್ಲಿ ಒಬ್ಬರಿಗೆ ಹಲವು ಹೆಸರು ಹಾಕಬಹುದು. ‘ಗ್ರಾಂಪ್ಸ್’ ಅನ್ನೋದು ಉಚಿತ, ಅದರಲ್ಲಿ ಈ ಅನುಕೂಲ ಇದೆ. ನಾವು ಕರೆಯೋ ಗೌರವದ ಹೆಸರು ಮೇಲೆ ಇರಲಿ: ತಿಮ್ಮಕ್ಕ. ಕೆಳಗೆ, ರೀಗ್ರಾಂಟ್ ಆದೇಶದಲ್ಲಿ ತಿಮ್ಮಿ, ಪಹಣಿಯಲ್ಲಿ ತಿಮ್ಮ. ಯಾವ ಕಾಗದದಲ್ಲಿ ಹೇಗಿದೆಯೋ ಹಾಗೇ, ಅಕ್ಷರ ತಪ್ಪಿನ ಸಮೇತ. ಕಚೇರಿಗೆ ಬೇಕಾಗೋದು ಆ ತಪ್ಪೇ.

4. ಹುಟ್ಟಿದ ದಿನ ಜೂನ್ 1 ಅಂತಿದ್ದರೆ ಅದು ಮೇಷ್ಟ್ರು ಕೊಟ್ಟ ದಿನ. ನಮ್ಮ ಮರದಲ್ಲಿ 19 ಜನ ಜೂನ್ 1ಕ್ಕೆ ಹುಟ್ಟಿದ್ದರು. ಚಿಕ್ಕಮ್ಮ ಮಗನಿಗಿಂತ ನಾಲ್ಕೇ ವರ್ಷ ದೊಡ್ಡವಳಾದದ್ದೂ ಇಂಥ ಅಂದಾಜಿನ ಇಸವಿಗಳಿಂದಲೇ. ಅದನ್ನ ‘ಶಾಲಾ ದಾಖಲೆ’ ಅಂತ ಬರೆದು, ನಿಜವಾದ ಕಾಲಕ್ಕೆ ‘ಸುಮಾರು’ ಅಂತ ಹಾಕಿ. ಹಿರಿಯರನ್ನ ಇಸವಿ ಕೇಳಬೇಡಿ, ಘಟನೆ ಕೇಳಿ. ಧಾತು ಈಶ್ವರ ಬರ ಅಂದ್ರೆ 1876-78. ಪ್ಲೇಗು ಮೈಸೂರು ಸಂಸ್ಥಾನಕ್ಕೆ ಬಂದದ್ದು 1898. ದೊಡ್ಡ ಜ್ವರ ಅಂದ್ರೆ 1918ರ ಇನ್‌ಫ್ಲುಯೆಂಜಾ ಇರಬಹುದು. ಗಾಂಧಿ ಸತ್ತ ವರ್ಷ 1948. ನಮ್ಮ ಮುತ್ತಜ್ಜ ‘ಸುಮಾರು 1897’ ಅಂತ ನಮಗೆ ಸಿಕ್ಕಿದ್ದು ಹೀಗೆ.

5. ಅಪ್ಪನ ಜಾಗ ಖಾಲಿ ಇದ್ದರೆ ಖಾಲಿ ಬಿಡಿ. ತುಂಬೋಕೆ ಅಂತ ಒಬ್ಬ ಗಂಡಸನ್ನ ಹುಟ್ಟಿಸಬೇಡಿ. ಮುತ್ತಜ್ಜನ ಅಪ್ಪನ ಜಾಗದಲ್ಲಿ ನಾವು ‘ದಾಖಲಾಗಿಲ್ಲ’ ಅಂತ ಬರೆದ್ವಿ.

6. ಬದುಕಿರೋರ ವಿವರ, ಜಾತಿ, ವಿಳಾಸ ಬಹಿರಂಗ ಮಾಡಬೇಡಿ. ಆ್ಯಪಲ್ಲಿ ಎಲ್ಲರಿಗೂ ಕಾಣೋ ಹಾಗೆ ಇದೆಯಾ ನೋಡಿ, ಇದ್ದರೆ ಮುಚ್ಚಿ. ತಿಮ್ಮಕ್ಕನಂಥವರ ವಿಷಯ ಬರೆಯೋಕೆ ಮುಂಚೆ ಮನೆಯ ಹೆಂಗಸರನ್ನ ಕೇಳಿ. ಈ ಪೋಸ್ಟ್ ಹಾಕೋಕೆ ಮುಂಚೆ ನಾನು ದೊಡ್ಡತ್ತೆಯನ್ನ ಕೇಳಿದೆ. ‘ಹೆಸರು ಬ್ಯಾಡ, ಕತೆ ಹೇಳು’ ಅಂದ್ರು.

7. ಕಾಗದದ ಫೋಟೋ ತೆಗೆದು ಪ್ರತಿ ಹೆಸರಿಗೂ ಅಂಟಿಸಿ. ತೋಟಿ, ತಳವಾರ, ನೀರಗಂಟಿ ಮನೆತನದವರು ರೀಗ್ರಾಂಟ್ ಫೈಲಿನ ದೃಢೀಕೃತ ನಕಲಿಗೆ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಹಾಕಿ. ನಮ್ಮ ಫೈಲಲ್ಲಿ ಮಹಜರು, ಹೇಳಿಕೆ ಎಲ್ಲ ಇತ್ತು. ಹಿರಿಯರ ಹೆಬ್ಬೆಟ್ಟೂ ಇತ್ತು.

ಆ ಹೆಬ್ಬೆಟ್ಟಿನ ಗುರುತು ನೋಡಿದಾಗ ಹುಡುಗ ತುಂಬಾ ಹೊತ್ತು ಸುಮ್ಮನಿದ್ದ. ಊರಿನ ಗಡಿ ತಕರಾರು ಬಂದರೆ ತೋಟಿ ಹೇಳಿದ್ದೇ ಕೊನೇ ಮಾತು ಆಗಿದ್ದ ಕಾಲ ಇತ್ತು. ಯಾರ ಕಲ್ಲು ಎಲ್ಲಿ, ಯಾರ ಬದು ಎಲ್ಲಿ ಅಂತ ಊರಿಗೆಲ್ಲ ನೆನಪಿಟ್ಟು ಹೇಳಿದವರು ನಮ್ಮ ಹಿರಿಯರು. ಅವರ ಅವ್ವನ ಹೆಸರು ನೆನಪಿಡೋಕೆ ನಮಗೆ ಆಗಲಿಲ್ಲ ಅಂದ್ರೆ ಹೇಗೆ?

ಈಗ ನಮ್ಮ ಮರದಲ್ಲಿ 268 ಜನ ಇದಾರೆ. ಹುಡುಗ ಮೊದಲ ಸಲ ಕ್ಲೀನ್ ಮಾಡಿದಾಗ ಉಳಿದದ್ದಕ್ಕಿಂತ 37 ಜನ ಜಾಸ್ತಿ. ಆ 37ರಲ್ಲಿ 22 ಹೆಣ್ಣುಮಕ್ಕಳು. ಕೆಂಪು ಗುರುತು ಇನ್ನೂ ಹನ್ನೊಂದು ಕಡೆ ಇದೆ. ಇರಲಿ ಬಿಟ್ಟಿದೀವಿ. ಒಂದೊಂದರ ಮುಂದೆಯೂ ಯಾಕೆ ಅಂತ ಕನ್ನಡದಲ್ಲಿ ಎರಡು ಸಾಲು ಬರೆದಿದೀವಿ.

ಹೊಸ ವಂಶವೃಕ್ಷ, ರೀಗ್ರಾಂಟ್ ಆದೇಶದ ನಕಲು, ದೊಡ್ಡತ್ತೆಯ ಹೇಳಿಕೆ ಸೇರಿಸಿ ಮತ್ತೆ ಅರ್ಜಿ ಹಾಕಿದೀವಿ. ಇನ್ನೂ ತೀರ್ಮಾನ ಆಗಿಲ್ಲ. ಆದಾಗ ತಿಳಿಸ್ತೀನಿ. ಅಫಿಡವಿಟ್ಟಲ್ಲಿ ಈ ಸಲ ಹೀಗೆ ಬರೆಸಿದೆ: ‘ತೋಟಿ ಹನುಮ ಬಿನ್ ತಿಮ್ಮಿ ಉರುಫ್ ತಿಮ್ಮಕ್ಕ, ಇವರು ನನ್ನ ಮುತ್ತಜ್ಜ.’ ಬರೆದುಕೊಡೋ ಟೈಪಿಸ್ಟ್ ನನ್ನ ಮುಖ ನೋಡಿ ‘ಸಾರ್, ತಂದೆ ಹೆಸರು ಬೇಕಲ್ವಾ?’ ಅಂದ. ‘ಇದೇ ಸಾಕು, ಇದನ್ನೇ ಹೊಡಿಯಪ್ಪ’ ಅಂದೆ.

ನಿಮ್ಮ ಮನೇಲಿ 80 ದಾಟಿದೋರು ಇದ್ದರೆ ಈ ಭಾನುವಾರವೇ ಅವರ ಹತ್ರ ಹೋಗಿ ಕೂತ್ಕೊಳ್ಳಿ. ಮೊಬೈಲಲ್ಲಿ ರೆಕಾರ್ಡ್ ಮಾಡಿ. ಅಜ್ಜನ ಹೆಸರು ಕೇಳೋ ಮುಂಚೆ ಅಜ್ಜಿಯ ಹೆಸರು, ಅವಳ ಅವ್ವನ ಹೆಸರು ಕೇಳಿ.

ಜೈ ಭೀಮ್.